ಕವಿಗೆ ಶಾಲೆಯು ಭಾರವೇ?

ಕಳೆದ ತಿಂಗಳು ನಮ್ಮ ಸಂಘದ ಮಾಸಿಕ ಸಭೆಯು ಮುಗಿದು ಸಭಿಕರು ಚದುರುತ್ತಿದ್ದಾಗ ಒಬ್ಬ ತರುಣ ಉಪಾಧ್ಯಾಯರು ನನ್ನ ಬಳಿಗೆ ಬಂದು ನಿಂತರು. ಅವರು ಘಟ್ಟದ ಮೇಲಿನ ಒಂದು ಹಳ್ಳಿಯ ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಬರೆಯುವುದನ್ನು ಕಲಿಸುತ್ತಾರೆ. ವರ್ಷಕ್ಕೆ ಎರಡು ನಾಟಕಗಳನ್ನು ಆಡಿಸುತ್ತಾರೆ. ಅವರ ಎರಡು ಕಥಾಸಂಗ್ರಹಗಳು ಅಚ್ಚಾಗಿವೆ. ಅವುಗಳಲ್ಲಿ ಒಂದನ್ನು ಓದಿ ನಾನು ಸಂತೋಷಪಟ್ಟಿದ್ದೆನು. “ಮಾಸ್ತರೇ, ತಮ್ಮಲ್ಲಿ ಒಂದು ಮಾತು ಕೇಳಬೇಕು. ಸಂಜೆಯೆಲ್ಲ ಹುಡುಗರ ತಾಲೀಮಿಗೆ ಹೋಗುತ್ತದೆ. ರಾತ್ರಿ ಬರೆಯಲು ಕುಳಿತರೆ ಕಣ್ಣು ಮುಚ್ಚುತ್ತದೆ. ಮೂರು ವರ್ಷದಿಂದ ಒಂದು ಕಾದಂಬರಿಯು ಅರ್ಧಕ್ಕೇ ನಿಂತಿದೆ. ಎರಡರಲ್ಲಿ ಯಾವುದನ್ನು ಬಿಡಲಿ?” ಎಂದು ಕೇಳಿದರು. ನಾನು ಹೆಚ್ಚು ಯೋಚಿಸದೆ, “ನಾಟಕ ಆಡಿಸಲು ಬೇರೊಬ್ಬರು ಸಿಕ್ಕಾರು, ನಿಮ್ಮ ಕಾದಂಬರಿಯನ್ನು ಬರೆಯಲು ಬೇರೊಬ್ಬರು ಸಿಕ್ಕಲಾರರು. ತಾಲೀಮನ್ನು ಬಿಡಿರಿ” ಎಂದುಬಿಟ್ಟೆನು. ಅವರು ನಮಸ್ಕರಿಸಿ ಕೊನೆಯ ಬಸ್ಸಿಗೆ ಹೊರಟುಹೋದರು.

ಮನೆಗೆ ಬಂದ ಮೇಲೆ ನನ್ನ ಮನಸ್ಸಿಗೆ ನೆಮ್ಮದಿಯಾಗಲಿಲ್ಲ. ಕೊಟ್ಟ ಉತ್ತರವು ಚತುರವಾಗಿತ್ತು; ಅದು ಸತ್ಯವೂ ಆಗಿತ್ತೇ? ಬರೆಯುವವನು ಮಕ್ಕಳಿಗೆ ಕಲೆಯನ್ನು ಕಲಿಸಲು ತೊಡಗಿದರೆ ಅವನ ಬರಹವು ಸೊರಗುವುದೇ, ಅಥವಾ ಬೆಳೆಯುವುದೇ? ಈ ಪ್ರಶ್ನೆಯನ್ನು ಒಂದು ತಿಂಗಳ ಕಾಲ ಮನಸ್ಸಿನಲ್ಲಿ ಹೊತ್ತು ತಿರುಗಿದೆನು. ಆ ಅವಸರದ ಉತ್ತರಕ್ಕೆ ಪ್ರಾಯಶ್ಚಿತ್ತರೂಪವಾಗಿ ಈ ಲೇಖನವನ್ನು ವಾಚಕರ ಮುಂದಿಡುತ್ತೇನೆ.

ಪೂರ್ವಪಕ್ಷವನ್ನು ಮೊದಲು ಬಲವಾಗಿಯೇ ನಿಲ್ಲಿಸಬೇಕು. ಇಲ್ಲವಾದರೆ ಸಿದ್ಧಾಂತಕ್ಕೆ ಬೆಲೆಯಿಲ್ಲ. ಶಾಲೆಯು ಕವಿಗೆ ಭಾರವೆನ್ನುವವರು ಮೂರು ಕಾರಣಗಳನ್ನು ಕೊಡುತ್ತಾರೆ. ಒಂದು, ಕಾಲ: ದಿನಕ್ಕಿರುವ ಗಂಟೆಗಳು ಎಲ್ಲರಿಗೂ ಅಷ್ಟೇ, ಮಕ್ಕಳಿಗೆ ಕೊಟ್ಟುದನ್ನು ಲೇಖನಿಗೆ ಕೊಡಲಾಗದು. ಎರಡು, ಚಿತ್ತ: ಕಾವ್ಯವು ಏಕಾಂತದ ಕೂಸು, ಮೂವತ್ತು ಹುಡುಗರ ಗಲಾಟೆಯಲ್ಲಿ ಚೂರಾದ ಮನಸ್ಸು ರಾತ್ರಿಯ ವೇಳೆಗೆ ಒಂದುಗೂಡುವುದು ಕಷ್ಟ. ಮೂರು, ವಾಣಿ: ದಿನವೂ ಮಕ್ಕಳಿಗೆ ತಿಳಿಯುವಂತೆ ಹೇಳಿ ಹೇಳಿ ಲೇಖಕನ ಮಾತು ಪಾಠದ ಮಾತಾಗುತ್ತದೆ, ಅವನು ಬರೆದುದೆಲ್ಲವೂ ಉಪದೇಶವಾಗುತ್ತದೆ. ಈ ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಬಲವಾದುದೆಂದು ನನಗೆ ತೋರುತ್ತದೆ.

ಇದನ್ನು ಪರೀಕ್ಷಿಸಲು ಒಂದು ಅಳತೆಗೋಲು ಬೇಕಷ್ಟೆ. ಅದನ್ನು ಕಾಳಿದಾಸನೇ ನಮಗೆ ಕೊಟ್ಟಿರುವನು. ‘ಮಾಲವಿಕಾಗ್ನಿಮಿತ್ರ’ದ ಮೊದಲನೆಯ ಅಂಕದಲ್ಲಿ ಗಣದಾಸ, ಹರದತ್ತ ಎಂಬ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಹೆಚ್ಚೆಂದು ಜಗಳವಾಡುತ್ತ ರಾಜನೆದುರಿಗೆ ಬರುತ್ತಾರೆ. ತೀರ್ಪು ಹೇಳುವ ಭಾರವು ಪರಿವ್ರಾಜಿಕೆಯ ಮೇಲೆ ಬೀಳುತ್ತದೆ. ಆಕೆಯ ಮಾತಿನ ತಾತ್ಪರ್ಯವಿಷ್ಟು: ಕೆಲವರಲ್ಲಿ ಕಲೆಯು ತಮ್ಮೊಳಗೇ ಚೆನ್ನಾಗಿ ನೆಲೆಸಿರುತ್ತದೆ, ಕೆಲವರಲ್ಲಿ ಅದನ್ನು ಮತ್ತೊಬ್ಬರಿಗೆ ದಾಟಿಸುವ ಶಕ್ತಿಯು ವಿಶೇಷವಾಗಿರುತ್ತದೆ, ಯಾರಲ್ಲಿ ಎರಡೂ ಒಳ್ಳೆಯದಾಗಿರುವುವೋ ಅವನನ್ನು ಆಚಾರ್ಯರೆಲ್ಲರ ಮುಂದೆ ನಿಲ್ಲಿಸಬೇಕು. ಇದಾದ ಮೇಲೆ ಪರೀಕ್ಷೆಯು ನಡೆಯುವುದಾದರೂ ಹೇಗೆ? ಆಚಾರ್ಯರು ತಾವು ಕುಣಿದು ತೋರಿಸಬೇಕಾಗಿಲ್ಲ. ಎರಡನೆಯ ಅಂಕದಲ್ಲಿ ಗಣದಾಸನ ಶಿಷ್ಯೆಯಾದ ಮಾಲವಿಕೆಯು ರಂಗಕ್ಕೆ ಬರುತ್ತಾಳೆ. ಪಾಠಶಾಲೆಯಲ್ಲಿ ಈ ನಾಟಕವನ್ನು ಓದಿದಾಗ ಇದನ್ನು ರಾಜನಿಗೆ ಮಾಲವಿಕೆಯನ್ನು ತೋರಿಸಲು ವಿದೂಷಕನು ಹೂಡಿದ ಉಪಾಯವೆಂದು ಮಾತ್ರ ನಾನು ತಿಳಿದಿದ್ದೆನು. ಈಗ ನೋಡಿದರೆ, ಕಲಾವಿದನೂ ಆಚಾರ್ಯನೂ ಒಬ್ಬನೇ ಆಗಬಹುದೇ ಎಂಬ ನಮ್ಮ ಪ್ರಶ್ನೆಗೆ ಅಲ್ಲಿಯೇ ಉತ್ತರವಿದೆ: ಆಗಬಹುದು, ಆದರೆ ಅಂಥವನು ವಿರಳ.

ಆ ವಿರಳರಲ್ಲಿ ನಮ್ಮ ಕಾಲಕ್ಕೆ ಹತ್ತಿರದವರೂ ನಮ್ಮ ಜಿಲ್ಲೆಗೆ ಋಣಾನುಬಂಧವುಳ್ಳವರೂ ಆದವರು ರವೀಂದ್ರನಾಥ ಠಾಕೂರರು. 1883ರಲ್ಲಿ, ಇಪ್ಪತ್ತೆರಡು ವರ್ಷದ ತರುಣರಾಗಿ, ಅವರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು ಕೆಲಕಾಲ ಇದ್ದರು. ಬೆಳದಿಂಗಳ ರಾತ್ರಿಯಲ್ಲಿ ಕಾಳೀನದಿಯ ಮೇಲೆ ದೋಣಿಯಲ್ಲಿ ಹೋಗಿ ಬಂದು, ಮರಳದಂಡೆಯ ಮೇಲೆ ನಡೆದು ಮನೆ ಸೇರಿದುದನ್ನು ತಮ್ಮ ಜೀವನಸ್ಮೃತಿಯಲ್ಲಿ ಅವರು ಪ್ರೀತಿಯಿಂದ ನೆನೆದಿರುವರು. ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಅವರು ಬರೆದುದು ಇಲ್ಲಿಯೇ. ಅದರಲ್ಲಿ ಒಬ್ಬ ಸನ್ನ್ಯಾಸಿಯು ಎಲ್ಲ ಪಾಶಗಳನ್ನೂ ಕತ್ತರಿಸಿಕೊಂಡು ಗೆದ್ದೆನೆಂದು ಗುಹೆಯಿಂದ ಹೊರಗೆ ಬರುತ್ತಾನೆ. ಜನರು ದೂರವಿಟ್ಟಿದ್ದ ಒಬ್ಬ ಅನಾಥ ಬಾಲಿಕೆಯು ಅವನ ಕೈ ಹಿಡಿಯುತ್ತಾಳೆ. ಅವನು ಹೆದರಿ ಓಡುತ್ತಾನೆ. ಮನಸ್ಸು ತಿರುಗಿ ಮರಳಿ ಬರುವಷ್ಟರಲ್ಲಿ ಆ ಮಗುವು ಸತ್ತಿರುತ್ತದೆ. ತಮ್ಮ ಮುಂದಿನ ಬರಹಕ್ಕೆಲ್ಲ ಈ ಕೃತಿಯನ್ನು ಪೀಠಿಕೆಯಂತೆ ಎಣಿಸಬಹುದೆಂದು ಕವಿಯೇ ಹೇಳಿಕೊಂಡಿರುವರು. ಅವರ ಮುಂದಿನ ಬಾಳಿಗೂ ಅದು ಪೀಠಿಕೆಯಾಯಿತೆಂದು ನಾನು ಸೇರಿಸುತ್ತೇನೆ. ಏಕಾಂತವನ್ನು ಬಯಸಿದವನ ಕೈಯನ್ನು ಒಂದು ಮಗುವು ಬಂದು ಹಿಡಿಯುವುದು, ಆ ಕೈಯನ್ನು ಬಿಡಿಸಿಕೊಂಡರೆ ಗೆದ್ದವನೇ ಸೋಲುವುದು: ಶಾಂತಿನಿಕೇತನದ ಕಥೆಯೆಲ್ಲವೂ ಕಾರವಾರದ ಈ ನಾಟಕದಲ್ಲಿ ಬೀಜರೂಪವಾಗಿ ಅಡಗಿದೆ.

1901ನೆಯ ಡಿಸೆಂಬರ್ 22ರಂದು ಬೋಲಪುರದ ಬಳಿ ತಂದೆಯವರಾದ ಮಹರ್ಷಿ ದೇವೇಂದ್ರನಾಥರು ಧ್ಯಾನಕ್ಕಾಗಿ ಕಟ್ಟಿಸಿದ ಆಶ್ರಮದಲ್ಲಿ ರವೀಂದ್ರರು ಐವರು ವಿದ್ಯಾರ್ಥಿಗಳ ಶಾಲೆಯನ್ನು ತೆರೆದರು. ಐವರಲ್ಲಿ ಒಬ್ಬನು ಅವರ ಮಗ ರಥೀಂದ್ರ. ಆಗ ಅವರಿಗೆ ನಲವತ್ತು ವರ್ಷ. ವಂಗದೇಶದಲ್ಲಿ ಕವಿಯೆಂಬ ಕೀರ್ತಿಯು ಆಗಲೇ ನೆಲೆನಿಂತಿತ್ತು. ತಾವು ಬಾಲ್ಯದಲ್ಲಿ ಸಹಿಸಲಾರದೆ ಬಿಟ್ಟುಬಂದ ಶಾಲೆಗಳ ನೆನಪು ಒಂದು ಕಡೆ, ಕಾಳಿದಾಸನ ತಪೋವನಗಳ ಚಿತ್ರವು ಮತ್ತೊಂದು ಕಡೆ ಇದ್ದು, ಇವೆರಡರಿಂದ ಈ ಶಾಲೆಯು ಹುಟ್ಟಿತು. ಪಾಠವು ಮರದ ಕೆಳಗೆ ನಡೆಯಿತು. ಹಾಡು, ಚಿತ್ರ, ಅಭಿನಯಗಳು ಪಾಠದ ಆಚೆಗಿನ ವಿನೋದವಾಗಿರದೆ ಪಾಠದ ಅಂಗವೇ ಆದುವು. ಸಂಜೆ ‘ವಿನೋದನಪರ್ವ’ವೆಂಬ ಹೊತ್ತು, ಆಗ ಕಥೆ ಹೇಳುವುದು, ಹಾಡುವುದು, ಆಡುವುದು. ಹುಡುಗರು ತಮ್ಮ ಕೈಬರಹದ ಪತ್ರಿಕೆಗಳನ್ನು ತಾವೇ ಹೊರಡಿಸಿದರು.

ಹಣದ ಮಾತು ಬೇರೆ. ಮೊದಮೊದಲು ಶುಲ್ಕವಿರಲಿಲ್ಲ. ಪತ್ನಿ ಮೃಣಾಲಿನೀದೇವಿಯವರ ಒಡವೆಗಳು ಮಾರಾಟವಾದುವು. ಪುರಿಯ ಮನೆಯೂ ಮಾರಾಟವಾಯಿತು. ಇದಕ್ಕಿಂತ ದೊಡ್ಡ ನಷ್ಟಗಳು ಒಂದರ ಹಿಂದೆ ಒಂದು ಬಂದುವು. 1902ರಲ್ಲಿ ಪತ್ನಿಯು ತೀರಿಕೊಂಡರು, 1903ರಲ್ಲಿ ಮಗಳು ರೇಣುಕೆ, 1905ರಲ್ಲಿ ತಂದೆ, 1907ರಲ್ಲಿ ಕಿರಿಯ ಮಗ ಶಮೀಂದ್ರನು ಹನ್ನೊಂದು ತುಂಬುವ ಮೊದಲೇ ಕಾಲರಾರೋಗದಿಂದ ಹೋದನು. ಇಂತಹ ಹೊತ್ತಿನಲ್ಲಿ ಹಾಜರಿಪುಸ್ತಕ ಹಿಡಿದು ನಿಲ್ಲುವುದೇ ದೊಡ್ಡದು, ಬರೆಯುವ ಮಾತೆಲ್ಲಿ?

ಆದರೆ ಬರಹವು ನಿಲ್ಲಲಿಲ್ಲ. ಮೊದಲನೆಯ ಆಕ್ಷೇಪಕ್ಕೆ ಪುಸ್ತಕಗಳ ಪಟ್ಟಿಯೇ ಉತ್ತರ. ತಾಯಿಯಿಲ್ಲದ ಮಕ್ಕಳನ್ನು ಕಟ್ಟಿಕೊಂಡು ಆಲ್ಮೋಡದಲ್ಲಿದ್ದಾಗ ‘ಶಿಶು’ವಿನ ಕವಿತೆಗಳು; 1910ರಲ್ಲಿ ‘ಗೋರಾ’ ಕಾದಂಬರಿ; ಅದೇ ವರ್ಷ ಬಂಗಾಳಿಯ ‘ಗೀತಾಂಜಲಿ’; 1912ರಲ್ಲಿ ‘ಜೀವನಸ್ಮೃತಿ’. ಇವೆಲ್ಲವೂ ಶಾಲೆಯನ್ನು ತೆರೆದ ಮೇಲೆ ಬಂದುವುಗಳೇ. 1913ರಲ್ಲಿ ನೋಬೆಲ್ ಪಾರಿತೋಷಕವು ಬಂದಾಗ ಅವರು ಹನ್ನೆರಡು ವರ್ಷದ ಅನುಭವವುಳ್ಳ ಶಾಲಾಮಾಸ್ತರರಾಗಿದ್ದರು. ಶಾಲೆಯಿಲ್ಲದಿದ್ದರೆ ಇನ್ನೂ ಹೆಚ್ಚು ಬರೆಯುತ್ತಿದ್ದರೆಂದು ಯಾರಾದರೂ ವಾದಿಸಬಹುದು. ಹಾಗಾದರೆ ಶಾಲೆಯಿಲ್ಲದಿದ್ದರೆ ಹುಟ್ಟುತ್ತಲೇ ಇರದಿದ್ದ ಕೃತಿಗಳಾವುವು ಎಂಬುದನ್ನೂ ಅವರು ಎಣಿಸಬೇಕಾಗುತ್ತದೆ. ನಮ್ಮ ವಿಮರ್ಶೆಗೆ ನಿಜವಾದ ವಿಷಯವು ಅದೇ.

ಮೊದಲು ‘ಶಾರದೋತ್ಸವ’ವನ್ನು ನೋಡೋಣ. ಶಮೀಂದ್ರನು ತೀರಿಕೊಂಡ ಮರುವರ್ಷ, 1908ರಲ್ಲಿ, ಆಶ್ರಮದ ಹುಡುಗರು ಆಡುವುದಕ್ಕಾಗಿಯೇ ಬರೆದ ನಾಟಕವಿದು. ಆದುದರಿಂದ ಇದರಲ್ಲಿ ಸ್ತ್ರೀಪಾತ್ರಗಳಿಲ್ಲ. ಶರತ್ಕಾಲದ ರಜೆ, ಹುಡುಗರೆಲ್ಲ ಕುಣಿಯುತ್ತಿದ್ದಾರೆ. ಉಪನಂದನೆಂಬ ಒಬ್ಬ ಹುಡುಗನು ಮಾತ್ರ ಮೂಲೆಯಲ್ಲಿ ಕುಳಿತು ಹಸ್ತಪ್ರತಿಗಳನ್ನು ನಕಲು ಮಾಡುತ್ತಿದ್ದಾನೆ. ವೀಣೆಯ ವಿದ್ವಾಂಸನಾದ ಅವನ ಒಡೆಯನು ಸಾಲ ಬಿಟ್ಟು ಸತ್ತಿದ್ದಾನೆ; ಆ ಸಾಲವನ್ನು ಅಕ್ಷರ ಬರೆದು ತೀರಿಸುವೆನೆಂದು ಹುಡುಗನ ಹಟ. ಸನ್ನ್ಯಾಸಿಯ ವೇಷದಲ್ಲಿ ಬಂದ ರಾಜನು ಇದನ್ನು ಕಂಡು ಅವನನ್ನು ಆಟಕ್ಕೆ ಎಳೆಯುವುದಿಲ್ಲ. ತಾನೇ ಅವನ ಪಕ್ಕದಲ್ಲಿ ಕುಳಿತು ನಕಲು ಮಾಡಲು ತೊಡಗುತ್ತಾನೆ. ಉಳಿದ ಹುಡುಗರೂ ಬಂದು ಕೂಡಿಕೊಳ್ಳುತ್ತಾರೆ. ಋಣವನ್ನು ತೀರಿಸುವ ದುಡಿಮೆಯೇ ಅಲ್ಲಿ ಉತ್ಸವವಾಗುತ್ತದೆ.

ಈ ಸನ್ನಿವೇಶವು ಶಾಲೆಯನ್ನು ಕಾಣದ ಕವಿಗೆ ಹೊಳೆಯಲಾರದೆಂದು ನಾನು ಧೈರ್ಯವಾಗಿ ಹೇಳಬಲ್ಲೆನು. ರಜೆಯ ದಿನ ಒಬ್ಬ ಹುಡುಗನು ಮಾತ್ರ ಪಾಠ ಬರೆಯುತ್ತ ಹಿಂದುಳಿಯುವುದು, ಅವನನ್ನು ಹೇಗೆ ಕೂಡಿಸಿಕೊಳ್ಳಬೇಕೆಂದು ಮಾಸ್ತರನು ತೊಳಲುವುದು, ಇವು ನಮಗೆ ದಿನವೂ ಕಾಣುವ ಸಂಗತಿಗಳು. ಕವಿಯು ಅದನ್ನು ಕಂಡು ಲೋಕದ ಋಣಾನುಬಂಧದವರೆಗೂ ಬೆಳೆಯಿಸಿದನು. ಎರಡನೆಯ ಆಕ್ಷೇಪಕ್ಕೂ ಇದೇ ಉತ್ತರವಾಗಬಹುದು. ಮಗನನ್ನು ಕಳೆದುಕೊಂಡ ತಂದೆಯು ಏಕಾಂತದಲ್ಲಿ ಕುಳಿತಿದ್ದರೆ ಶೋಕಗೀತೆಯನ್ನು ಬರೆಯುತ್ತಿದ್ದನೇನೋ. ಎದುರಿಗೆ ಆಡಲು ಕಾದಿದ್ದ ಮಕ್ಕಳಿದ್ದುದರಿಂದ ಅವನು ಉತ್ಸವವನ್ನು ಬರೆದನು. ಹುಡುಗರ ಗಲಾಟೆಯು ಚಿತ್ತವನ್ನು ಚೂರು ಮಾಡುವುದೂ ಉಂಟು. ಚೂರಾದ ಚಿತ್ತವನ್ನು ಹಿಡಿದು ನಿಲ್ಲಿಸುವುದೂ ಉಂಟು.

ಮೂರನೆಯ ಆಕ್ಷೇಪಕ್ಕೆ ಬಂದಾಗ ಇಷ್ಟು ಸುಲಭವಾದ ಉತ್ತರವು ದೊರೆಯುವುದಿಲ್ಲ. ‘ಅಚಲಾಯತನ’ವೆಂಬ ನಾಟಕವನ್ನು ತೆಗೆದುಕೊಳ್ಳಿರಿ. ಅದೊಂದು ಎತ್ತರದ ಗೋಡೆಗಳ ವಿದ್ಯಾಲಯ; ಅಲ್ಲಿ ಮಂತ್ರ, ಪ್ರಾಯಶ್ಚಿತ್ತ, ನಿಷೇಧಗಳೇ ವಿದ್ಯೆ. ಸುಭದ್ರನೆಂಬ ಪುಟ್ಟ ಹುಡುಗನು ಎಷ್ಟೋ ಕಾಲದಿಂದ ಮುಚ್ಚಿದ್ದ ಉತ್ತರದ ಕಿಟಕಿಯನ್ನು ತೆರೆದು ಹೊರಗೆ ನೋಡಿಬಿಡುತ್ತಾನೆ. ಅದೇ ಮಹಾಪಾಪವೆಂದು ಅಲ್ಲೋಲಕಲ್ಲೋಲವಾಗುತ್ತದೆ. ಈ ಭಾಗವನ್ನು ಓದುವಾಗ ನಗು ಬರುತ್ತದೆ, ಮರುಕ್ಷಣವೇ ಹೆದರಿಕೆಯಾಗುತ್ತದೆ. ಆದರೆ ಮುಂದೆ ಹೋದಂತೆ ಪಾತ್ರಗಳು ತತ್ತ್ವಗಳಾಗುತ್ತವೆ. ಇವನು ಆಚಾರ, ಅವನು ಕರ್ಮ, ಮತ್ತೊಬ್ಬನು ಭಕ್ತಿ ಎಂದು ಹೆಸರಿನ ಚೀಟಿ ಅಂಟಿಸಬಹುದು. ಕೊನೆಯಲ್ಲಿ ಗೋಡೆಗಳು ಬೀಳುವುದು ನಮಗೆ ಮೊದಲೇ ತಿಳಿದಿರುತ್ತದೆ. ಇಲ್ಲಿ ಮಾಸ್ತರನು ಕವಿಯನ್ನು ಗೆದ್ದಿರುವನು. ಅವರ ಈ ಬಗೆಯ ನಾಟಕಗಳಲ್ಲಿ ಮೇಲಿಂದ ಮೇಲೆ ಬರುವ ‘ಠಾಕುರ್ದಾ’, ಎಂದರೆ ಮಕ್ಕಳೊಡನೆ ಕುಣಿಯುವ ಅಜ್ಜನ ಪಾತ್ರವೂ ಹಾಗೆಯೇ. ಮೊದಲನೆಯ ಸಲ ಅವನು ಪ್ರಿಯನಾಗುತ್ತಾನೆ. ಮೂರನೆಯ ಸಲ ಅವನು ಬಂದಾಗ ಇನ್ನು ಉಪದೇಶವು ಆರಂಭವಾಯಿತೆಂದು ನಾವು ನೆಟ್ಟಗೆ ಕುಳಿತುಕೊಳ್ಳುತ್ತೇವೆ. ಈ ದೋಷವು ಶಾಲೆಯಿಂದಲೇ ಬಂದುದೆಂದು ನಾನು ಒಪ್ಪುತ್ತೇನೆ.

ಆದರೂ ಸುಭದ್ರನ ಕಿಟಕಿಯನ್ನು ನಾನು ಲಘುವಾಗಿ ದಾಟಿ ಹೋಗಲಾರೆ. ನಾನು ಸಂಸ್ಕೃತವನ್ನು ಕಲಿಸುತ್ತಿದ್ದ ತರಗತಿಯಲ್ಲಿ ಒಬ್ಬ ಹುಡುಗನು ‘ಶಬ್ದಮಂಜರಿ’ಯ ಅಂಚುಗಳಲ್ಲಿ ಚಿತ್ರ ಬರೆಯುತ್ತಿದ್ದನು: ದೋಣಿ, ಕಾಗೆ, ಬಾವಿಯ ರಾಟೆ, ಒಂದು ಸಲ ಕನ್ನಡಕ ಸಹಿತವಾದ ನನ್ನ ಮುಖ. ನಾನು ಆ ಪುಸ್ತಕವನ್ನು ಎತ್ತಿ ಹಿಡಿದು ತರಗತಿಗೆಲ್ಲ ತೋರಿಸಿದೆನು. ಹುಡುಗರು ನಕ್ಕರು. ಆ ಮೇಲೆ ಅವನ ಪುಸ್ತಕದ ಅಂಚುಗಳು ಸ್ವಚ್ಛವಾದುವು. ಅವನು ರಾಮಶಬ್ದವನ್ನು ತಪ್ಪಿಲ್ಲದೆ ಹೇಳಲು ಕಲಿತನು, ನಾನು ತೃಪ್ತನಾದೆನು. ಹಲವು ವರ್ಷಗಳ ತರುವಾಯ ‘ಅಚಲಾಯತನ’ವನ್ನು ಓದಿದಾಗ, ಆ ನಾಟಕದಲ್ಲಿ ನನ್ನ ಪಾತ್ರವು ಯಾವುದೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ.

ಇನ್ನು ‘ಡಾಕ್‌ಘರ್’. 1911ರಲ್ಲಿ ರಚಿತವಾದ ಈ ಅಂಚೆಮನೆಯ ನಾಟಕದಲ್ಲಿ ಮಾಸ್ತರನು ಸಂಪೂರ್ಣವಾಗಿ ಮರೆಯಾಗಿರುವನು. ಆದರೂ ಮಕ್ಕಳನ್ನು ಹತ್ತಿರದಿಂದ ಬಲ್ಲವನಲ್ಲದೆ ಬೇರೆ ಯಾರೂ ಇದನ್ನು ಬರೆಯಲಾರರು. ಅಮಲನೆಂಬ ರೋಗಿಯಾದ ಬಾಲಕನು; ಶರತ್ಕಾಲದ ಗಾಳಿ ಬಿಸಿಲುಗಳು ಅವನಿಗೆ ವಿಷವೆಂದು ವೈದ್ಯನು ಶಾಸ್ತ್ರವಾಕ್ಯಗಳನ್ನು ಹೇಳಿ ಬಾಗಿಲು ಮುಚ್ಚಿಸಿರುವನು. ಹುಡುಗನು ಕಿಟಕಿಯಲ್ಲಿ ಕುಳಿತು ಹೋಗಿ ಬರುವವರನ್ನು ಮಾತನಾಡಿಸುತ್ತಾನೆ. ಮೊಸರು ಮಾರುವವನನ್ನು ಕಂಡರೆ ತಾನೂ ಹಾಗೆ ಕೂಗುತ್ತ ಊರೂರು ತಿರುಗಬೇಕೆನ್ನುತ್ತಾನೆ. ಗಂಟೆ ಬಾರಿಸುವ ಕಾವಲುಗಾರನನ್ನು ಕಂಡರೆ ಕಾಲವು ಎಲ್ಲಿಗೆ ಹೋಗುತ್ತದೆಂದು ಕೇಳುತ್ತಾನೆ. ಹೂವಿನ ಹುಡುಗಿ ಸುಧೆಯ ದಾರಿ ಕಾಯುತ್ತಾನೆ. ಎದುರಿಗೆ ರಾಜನ ಅಂಚೆಮನೆಯು ಬಂದಿದೆ. ತನಗೂ ರಾಜನ ಪತ್ರವೊಂದು ಬಂದೀತೆಂದು ನಂಬಿರುತ್ತಾನೆ. ಊರ ಮುಖಂಡನು ಅಪಹಾಸ್ಯಕ್ಕಾಗಿ ಬರಿಯ ಕಾಗದವನ್ನು ಕೊಡುತ್ತಾನೆ. ಕೊನೆಗೆ ರಾಜವೈದ್ಯನು ನಿಜವಾಗಿಯೇ ಬಂದು ಬಾಗಿಲು ಕಿಟಕಿಗಳನ್ನೆಲ್ಲ ತೆರೆಯಿಸುತ್ತಾನೆ, ಅಮಲನು ನಿದ್ರೆಹೋಗುತ್ತಾನೆ. ಸುಧೆಯು ಹೂವನ್ನು ತಂದು, ತಾನು ಅವನನ್ನು ಮರೆಯಲಿಲ್ಲವೆಂದು ಅವನ ಕಿವಿಯಲ್ಲಿ ಹೇಳಿರೆಂದು ಬೇಡುತ್ತಾಳೆ.

ಇಲ್ಲಿ ಯಾವ ಮಾತೂ ಪಾಠವಾಗಿಲ್ಲ. ಹತ್ತು ವರ್ಷದ ಹುಡುಗನಿಗೂ ತಿಳಿಯದ ಪದವು ನಾಟಕದಲ್ಲಿ ಅಪರೂಪ. ಎಪ್ಪತ್ತು ವರ್ಷದ ಮುದುಕನಿಗೂ ಪೂರ್ತಿಯಾಗಿ ಮುಗಿಯುವ ಅರ್ಥವೂ ಅಲ್ಲಿಲ್ಲ. ಶೈಲಿಯ ಈ ಪಾರದರ್ಶಕತೆಯನ್ನು ಕವಿಯು ಎಲ್ಲಿ ಕಲಿತನು? ಮಕ್ಕಳ ಮುಂದೆ ನಿಂತು ಮಾತನಾಡುವವನಿಗೆ ಒಂದು ವಾಕ್ಯವು ಮುಟ್ಟಿತೋ ಇಲ್ಲವೋ ಎಂಬುದು ಆ ಕ್ಷಣದಲ್ಲಿಯೇ ತಿಳಿಯುತ್ತದೆ. ಪಂಡಿತರ ಸಭೆಯು ತಿಳಿಯದಿದ್ದರೂ ತಲೆದೂಗುತ್ತದೆ. ಮಕ್ಕಳು ತಿಳಿಯದಿದ್ದರೆ ಕಿಟಕಿಯ ಹೊರಗೆ ನೋಡುತ್ತಾರೆ. ಬರೆಯುವವನಿಗೆ ಇದಕ್ಕಿಂತ ಪ್ರಾಮಾಣಿಕನಾದ ವಿಮರ್ಶಕನು ಸಿಕ್ಕಲಾರನು. ಆದುದರಿಂದ ಮೂರನೆಯ ಆಕ್ಷೇಪಕ್ಕೆ ಹೀಗೆ ಉತ್ತರ ಹೇಳಬಹುದು: ಮಕ್ಕಳಿಗೆ ಹೇಳಿಕೊಡುವುದಕ್ಕಾಗಿ ಬರೆದರೆ ವಾಣಿಯು ಕೆಡುತ್ತದೆ, ಮಕ್ಕಳೊಡನೆ ಬಾಳಿ ಬರೆದರೆ ತಿಳಿಯಾಗುತ್ತದೆ. ಒಬ್ಬನೇ ಕವಿಯಲ್ಲಿ, ಒಂದೇ ಕಾಲದಲ್ಲಿ, ಎರಡಕ್ಕೂ ನಿದರ್ಶನವಿದೆ.

ಕಾಳಿದಾಸನ ಅಳತೆಗೋಲಿನ ಎರಡನೆಯ ಭಾಗವು ಉಳಿಯಿತು; ಕಲೆಯು ಮತ್ತೊಬ್ಬರಿಗೆ ದಾಟಿತೇ? 1919ರಲ್ಲಿ ಶಾಂತಿನಿಕೇತನದಲ್ಲಿ ಕಲಾಭವನವು ಆರಂಭವಾಯಿತು. ನಂದಲಾಲ ಬಸುಗಳು ಅದರ ಜೀವಾಳವಾದರು. ದೃಷ್ಟಿಮಾಂದ್ಯವಿದ್ದ ಬಾಲಕ ವಿನೋದಬಿಹಾರಿ ಮುಖರ್ಜಿಯವರು ಆಶ್ರಮದ ಶಾಲೆಗೆ ಬಂದು, ಅಲ್ಲಿಂದ ಕಲಾಭವನಕ್ಕೆ ಹೋಗಿ, ಭಾರತದ ಹಿರಿಯ ಭಿತ್ತಿಚಿತ್ರಕಾರರಲ್ಲಿ ಒಬ್ಬರಾದರು. ಅವರಲ್ಲಿ ಕಲಿತ ಸತ್ಯಜಿತ್ ರಾಯರು 1972ರಲ್ಲಿ ಆ ಗುರುವಿನ ಮೇಲೆ ಚಲನಚಿತ್ರವನ್ನು ಮಾಡಿದರು. ಸಂಕ್ರಮಣವೆಂದರೆ ಇದೇ ಅಲ್ಲವೇ? 1926ರ ‘ನಟೀರ್ ಪೂಜಾ’ ನಾಟಕವು ಆಶ್ರಮದ ಬಾಲಿಕೆಯರಿಗಾಗಿ ಹುಟ್ಟಿತು. ಗೃಹಸ್ಥರ ಮನೆಯ ಹೆಣ್ಣುಮಕ್ಕಳು ರಂಗದ ಮೇಲೆ ನರ್ತಿಸುವುದನ್ನು ಲೋಕವು ಆಡಿಕೊಳ್ಳುತ್ತಿದ್ದ ಕಾಲದಲ್ಲಿ ನಂದಲಾಲರ ಮಗಳು ಗೌರಿಯು ನಟಿಯ ಪಾತ್ರವನ್ನು ವಹಿಸಿದಳು. ಕಲ್ಕತ್ತೆಯಲ್ಲಿ ಅದನ್ನು ಆಡುವಾಗ ಕವಿಯು ತನಗಾಗಿ ಒಂದು ಪಾತ್ರವನ್ನು ಸೇರಿಸಿಕೊಂಡು, ನಿಂದೆಯು ಬಂದರೆ ತನಗೇ ಬರಲೆಂಬಂತೆ ಅವರೊಡನೆ ರಂಗದ ಮೇಲೆ ನಿಂತನು.

ನನ್ನಂತಹ ಸಂಸ್ಕೃತದ ಮಾಸ್ತರನಿಗೆ ಮತ್ತೊಂದು ಹೆಸರು ಹೆಚ್ಚು ಹತ್ತಿರವಾಗಿ ತೋರುತ್ತದೆ. ಠಾಕೂರ ಮನೆತನದ ಜಮೀನಿನ ಕಚೇರಿಯಲ್ಲಿದ್ದ ಹರಿಚರಣ ಬಂದ್ಯೋಪಾಧ್ಯಾಯರ ಸಂಸ್ಕೃತಾಸಕ್ತಿಯನ್ನು ಕಂಡು ರವೀಂದ್ರರು ಅವರನ್ನು ಆಶ್ರಮಕ್ಕೆ ಅಧ್ಯಾಪಕರಾಗಿ ಕರೆದುಕೊಂಡರು. ಬಂಗಾಳಿಗೆ ಒಂದು ಕೋಶವನ್ನು ರಚಿಸಿರೆಂದು ಪ್ರೇರಿಸಿದರು. ಹರಿಚರಣರು ಮಕ್ಕಳಿಗೆ ಪಾಠ ಹೇಳುತ್ತಲೇ 1905ರಲ್ಲಿ ಆರಂಭಿಸಿದ ‘ವಂಗೀಯ ಶಬ್ದಕೋಶ’ದ ಪ್ರಕಟನೆಯು ಮುಗಿಯುವ ವೇಳೆಗೆ ಸುಮಾರು ನಲವತ್ತು ವರ್ಷಗಳಾಗಿದ್ದುವು. ಆ ಕಡೆ ತರಗತಿ, ಈ ಕಡೆ ಶಬ್ದಗಳ ರಾಶಿ. ಒಂದು ಮತ್ತೊಂದನ್ನು ತಿನ್ನಲಿಲ್ಲ.

ಬೆಲೆಯನ್ನು ಮುಚ್ಚಿಡುವುದು ಅನ್ಯಾಯವಾದೀತು. 1936ರಲ್ಲಿ, ಎಪ್ಪತ್ತೈದರ ಅಂಚಿನಲ್ಲಿ, ಈ ಕವಿಯು ಸಂಸ್ಥೆಗೆ ಹಣವನ್ನು ಕೂಡಿಸಲು ‘ಚಿತ್ರಾಂಗದಾ’ ನೃತ್ಯನಾಟಕದ ತಂಡವನ್ನು ಕಟ್ಟಿಕೊಂಡು ಉತ್ತರ ಹಿಂದುಸ್ಥಾನದ ಊರೂರು ತಿರುಗಬೇಕಾಯಿತು. ದಿಲ್ಲಿಯಲ್ಲಿ ಮಹಾತ್ಮಾ ಗಾಂಧಿಯವರು ಇದನ್ನು ಕಂಡು ಮರುಗಿ 60,000 ರೂಪಾಯಿಗಳನ್ನು ದೊರಕಿಸಿಕೊಟ್ಟು ತಿರುಗಾಟವನ್ನು ನಿಲ್ಲಿಸಿದರು. ಆ ಶಾಲೆಯಿಂದ ಬೆಳೆದ ವಿಶ್ವಭಾರತಿಯು 1951ರಲ್ಲಿ ಕೇಂದ್ರ ವಿಶ್ವವಿದ್ಯಾಲಯವಾಯಿತು. 2023ರಲ್ಲಿ ಶಾಂತಿನಿಕೇತನವು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಆದರೆ 1941ರಲ್ಲಿ ಕಣ್ಮುಚ್ಚುವವರೆಗೂ ಅದರ ಹಣದ ಚಿಂತೆಯು ಕವಿಯನ್ನು ಬಿಡಲಿಲ್ಲ.

‘ಡಾಕ್‌ಘರ್’ ದಾಟಿಹೋದ ದೂರವನ್ನು ಹೇಳದಿದ್ದರೆ ಈ ವಿಮರ್ಶೆಯು ಅಪೂರ್ಣ. ಪೋಲಂಡ್ ದೇಶದ ವಾರ್ಸಾ ನಗರದಲ್ಲಿ ಯಾನುಷ್ ಕೋರ್ಚಾಕ್ ಎಂಬುವರು ವೈದ್ಯರೂ ಮಕ್ಕಳ ಕಾದಂಬರಿಗಳನ್ನು ಬರೆದ ಲೇಖಕರೂ ಆಗಿದ್ದು ಅನಾಥಾಲಯವೊಂದನ್ನು ನಡೆಯಿಸುತ್ತಿದ್ದರು. 1926ರಲ್ಲಿ ಮಕ್ಕಳೇ ಬರೆಯುವ ಒಂದು ವೃತ್ತಪತ್ರಿಕೆಯನ್ನೂ ಹೊರಡಿಸಿದ್ದರು. ನಾಜಿಗಳು ಯೆಹೂದ್ಯರನ್ನು ಗೋಡೆಯೊಳಗೆ ಕೂಡಿಹಾಕಿದಾಗ ಆ ಮಕ್ಕಳೂ ಅವರೂ ಒಳಗಾದರು. 1942ನೆಯ ಜುಲೈ 18ರಂದು ಅಲ್ಲಿ ಆ ಮಕ್ಕಳು ಆಡಿದ ನಾಟಕವು ಇದೇ ‘ಡಾಕ್‌ಘರ್’. ಹೊರಗೆ ಹೋಗಲಾಗದ ಹುಡುಗನ ಪಾತ್ರವನ್ನು ಹೊರಗೆ ಹೋಗಲಾಗದ ಹುಡುಗರು ಆಡಿದರು. ಮೂರು ವಾರದೊಳಗೆ, ಆಗಸ್ಟ್ ಮೊದಲ ವಾರದಲ್ಲಿ, ಸುಮಾರು 200 ಮಕ್ಕಳನ್ನು ಟ್ರೆಬ್ಲಿಂಕಾದ ವಧಾಸ್ಥಾನಕ್ಕೆ ಒಯ್ದರು. ತಪ್ಪಿಸಿಕೊಳ್ಳುವ ದಾರಿಯಿದ್ದರೂ ಕೋರ್ಚಾಕರು ಮಕ್ಕಳ ಜೊತೆಯಲ್ಲಿಯೇ ಹೋದರು. ಒಬ್ಬ ಲೇಖಕ-ಅಧ್ಯಾಪಕನು ಬೋಲಪುರದ ಬಯಲಿನಲ್ಲಿ ಬರೆದುದು ಮತ್ತೊಬ್ಬ ಲೇಖಕ-ಅಧ್ಯಾಪಕನ ಕೈಗೆ ಇಂತಹ ಹೊತ್ತಿನಲ್ಲಿ ಒದಗಿತು. ಕಾರವಾರದ ನಾಟಕದ ಸನ್ನ್ಯಾಸಿಯು ಮಗುವಿನ ಕೈಯನ್ನು ಬಿಡಿಸಿಕೊಂಡು ಓಡಿದ್ದನು; ಇವರು ಬಿಡಲಿಲ್ಲ.

ನಮ್ಮ ನಾಡಿನಲ್ಲಿಯೂ ಈ ಮಾರ್ಗವನ್ನು ತುಳಿದವರಿಲ್ಲದಿಲ್ಲ. ಪಂಜೆ ಮಂಗೇಶರಾಯರು ಅಧ್ಯಾಪಕರಾಗಿಯೂ ಶಾಲೆಗಳ ತನಿಖಾಧಿಕಾರಿಯಾಗಿಯೂ ದುಡಿದು, ‘ಕವಿಶಿಷ್ಯ’ನೆಂಬ ಹೆಸರಿನಲ್ಲಿ ಮಕ್ಕಳ ನಾಲಗೆಯ ಮೇಲೆ ನಿಲ್ಲುವ ಪದ್ಯಗಳನ್ನು ರಚಿಸಿ, 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ‘ಬಾಲವನ’ವನ್ನು ಕಟ್ಟಿ ಮಕ್ಕಳ ಶಿಕ್ಷಣ, ನೃತ್ಯ, ನಾಟಕಗಳಲ್ಲಿ ಪ್ರಯೋಗ ನಡೆಯಿಸಿದರು; ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಮಕ್ಕಳಿಗಾಗಿ ಬರೆದರು. ಅವರ ಶಾಲೆಯು ಬಹುಕಾಲ ನಿಲ್ಲಲಿಲ್ಲ. ಆದರೆ ‘ಮರಳಿ ಮಣ್ಣಿಗೆ’ ಮೊದಲಾದ ಕಾದಂಬರಿಗಳು ಬಂದುದು ಅವರು ಪುತ್ತೂರಿನಲ್ಲಿ ನೆಲೆಸಿದ್ದ ವರ್ಷಗಳಲ್ಲಿಯೇ. ಮಕ್ಕಳಿಗಾಗಿ ದುಡಿದುದರಿಂದ ಈ ಇಬ್ಬರ ಬರಹವೂ ಬಡವಾಯಿತೆಂದು ಯಾವ ಸಹೃದಯನೂ ಹೇಳಲಾರನು.

ಇಷ್ಟರಿಂದ ಮಕ್ಕಳಿಗೆ ಕಲಿಸುವ ಪ್ರತಿಯೊಬ್ಬನೂ ಕವಿಯಾಗುವನೆಂದು ನಾನು ಸಾಧಿಸುತ್ತಿಲ್ಲ. ಆ ಗಣದಾಸನೇ ಮತ್ತೊಂದು ಮಾತನ್ನು ಹೇಳುತ್ತಾನೆ: ಹೊಟ್ಟೆಪಾಡಿಗಾಗಿ ಮಾತ್ರ ವಿದ್ಯೆಯನ್ನು ಇಟ್ಟುಕೊಂಡವನು ಜ್ಞಾನವನ್ನು ಮಾರುವ ವರ್ತಕನೆಂದು. ಅಂತಹ ವರ್ತಕನಿಗೆ ಶಾಲೆಯೂ ಭಾರ, ಕಾವ್ಯವೂ ಭಾರ. ಇದನ್ನು ನಾನು ಪುಸ್ತಕದಿಂದ ಮಾತ್ರ ಹೇಳುತ್ತಿಲ್ಲ. ಯೌವನದಲ್ಲಿ ಶರಾವತಿಯನ್ನು ಕುರಿತು ಒಂದು ಖಂಡಕಾವ್ಯವನ್ನು ಆರಂಭಿಸಿ ಎರಡು ಸರ್ಗಗಳನ್ನು ಮುಗಿಸಿದ್ದೆನು. ಕೆಲಸಕ್ಕೆ ಸೇರಿದ ಮೇಲೆ ಅದು ನಿಂತಿತು. ಮೂವತ್ತನಾಲ್ಕು ವರ್ಷಗಳ ಕಾಲ ಕೇಳಿದವರಿಗೆಲ್ಲ “ಶಾಲೆಯು ನನ್ನ ಕಾವ್ಯವನ್ನು ತಿಂದಿತು” ಎಂದು ಹೇಳುತ್ತಿದ್ದೆನು. ಸ್ನೇಹಸಮ್ಮೇಲನದ ನಾಟಕದ ಭಾರವು ನನ್ನ ಪಾಲಿಗೆ ಬಂದಾಗಲೆಲ್ಲ ಇದೇ ನೆಪದಿಂದ ಬೇರೊಬ್ಬರಿಗೆ ದಾಟಿಸಿದೆನು. ನಿವೃತ್ತನಾಗಿ ಈಗ ಐದು ವರ್ಷಗಳಾದುವು. ಮನೆಯಲ್ಲಿ ಸದ್ದಿಲ್ಲ, ದಿನವೆಲ್ಲ ನನ್ನದೇ. ಮೂರನೆಯ ಸರ್ಗದ ಮೊದಲನೆಯ ಶ್ಲೋಕವು ಇನ್ನೂ ಹುಟ್ಟಿಲ್ಲ. ಶಾಲೆಯು ಏನನ್ನೂ ತಿಂದಿರಲಿಲ್ಲ. ನಾನೇ ಕಿಟಕಿಯನ್ನು ಮುಚ್ಚಿ ಕುಳಿತಿದ್ದೆನು. ಗಾಳಿ ಬರಲಿಲ್ಲವೆಂದು ಗೋಡೆಯನ್ನು ದೂರಿದೆನು.

ಆದುದರಿಂದ ಆ ತರುಣ ಮಿತ್ರರಿಗೆ ನಾನು ಹೇಳಿದ ಮಾತನ್ನು ಈ ಪತ್ರಿಕೆಯ ಮೂಲಕ ಹಿಂತೆಗೆದುಕೊಳ್ಳುತ್ತೇನೆ. ನಿಮ್ಮ ಆಯಾಸವು ನಿಜವಾದುದು, ಅದನ್ನು ಅಲ್ಲಗಳೆಯುವುದಿಲ್ಲ. ವರ್ಷಕ್ಕೆ ಎರಡು ನಾಟಕಗಳು ಹೆಚ್ಚಾದರೆ ಒಂದನ್ನೇ ಆಡಿಸಿರಿ. ಆದರೆ ಆ ಒಂದನ್ನು ನಿಮ್ಮ ಹುಡುಗರ ಮುಖಗಳನ್ನು ನೋಡಿ ನೀವೇ ಬರೆಯಿರಿ. ರಾತ್ರಿ ಕಣ್ಣು ಮುಚ್ಚುವುದಾದರೆ ಬೆಳಗಿನ ಜಾವವನ್ನು ಕಾದಂಬರಿಗೆ ಕೊಡಿರಿ. ಮುಂದಿನ ಸಭೆಗೆ ಬರುವಾಗ ಹಸ್ತಪ್ರತಿಯನ್ನು ತನ್ನಿರಿ. ನಕಲು ಮಾಡಲು ಒಬ್ಬರು ಬೇಕಾದರೆ, ಉಪನಂದನ ಪಕ್ಕದಲ್ಲಿ ಕುಳಿತ ಆ ಸನ್ನ್ಯಾಸಿಯಂತೆ, ನಿಮ್ಮ ಪಕ್ಕದಲ್ಲಿ ಕುಳಿತುಕೊಳ್ಳಲು ನನಗೆ ಈಗ ಬೇಕಾದಷ್ಟು ಬಿಡುವಿದೆ. ನನ್ನ ಅಕ್ಷರವೂ ಇನ್ನೂ ದುಂಡಾಗಿದೆ.